ಕಸುಬು ಕಲಿಸುವವರಿಗೂ ಬೇಕು ಸಂಶೋಧನೆಯ ಪಾಠ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಬದುಕಿ ತೋರಿಸಿದವರು ಮುಂಬಯಿಯ ತುಳು-ಕನ್ನಡಿಗರು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಪರಂಪರೆ ನಮ್ಮದು. ಅಂಥ ಮನೆಗಳಿಂದ ಬಂದು ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಕಲಿಸುವ ತರುಣರು ಸಂಶೋಧನೆಗೆ ಮನಸ್ಸು ಮಾಡಿದರೆ ಸಮಾಜ ಅವರ ಬೆನ್ನಿಗೆ ನಿಲ್ಲಬೇಕು.

ತರಬೇತಿಗೆ ಸೇರಿದ ಹುಡುಗ ನಡುವೆಯೇ ಬಿಡುವುದೇಕೆ? ಕಲಿಸಿದ ಪಾಠಕ್ಕೂ ಕಾರ್ಖಾನೆಯ ಕೆಲಸಕ್ಕೂ ತಾಳೆಯಾಗದಿರುವುದೇಕೆ? ಇದನ್ನು ಹತ್ತಿರದಿಂದ ಬಲ್ಲವರು ಇವರೇ. ಆದರೆ ಲೇತ್ ಯಂತ್ರದ ಮುಂದೆ ಅಳುಕದ ಕೈ, ಪ್ರಶ್ನಾವಳಿ ಬರೆಯಲು ಕೂತಾಗ ಅಳುಕುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2025ರೊಳಗೆ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಗುರಿ ಇಟ್ಟಿತ್ತು. ಅದು ಎಲ್ಲಿ ಈಡೇರಿತು, ಎಲ್ಲಿ ಎಡವಿತು ಎಂದು ಹೇಳಲು ಕಸುಬು ಬಲ್ಲ ಸಂಶೋಧಕರೇ ಬೇಕು.

ದಾರಿ ಇಲ್ಲವೆಂದಲ್ಲ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಆನ್‌ಲೈನ್ ವ್ಯವಸ್ಥೆಯಲ್ಲಿ ಸಂಶೋಧನಾ ವಿಧಾನದ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಮನೆಯಲ್ಲೇ ಕುಳಿತು ಓದಬಹುದು. ಲೋಕಲ್ ರೈಲಿನಲ್ಲಿ ದಿನಕ್ಕೆ ಮೂರು ತಾಸು ಕಳೆಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಎಚ್ಚರವೂ ಅಗತ್ಯ. ಆನ್‌ಲೈನ್ ತರಬೇತಿ ಬೇರೆ, ಆನ್‌ಲೈನ್ ಪಿಎಚ್.ಡಿ. ಬೇರೆ. ಯುಜಿಸಿಯ 2022ರ ನಿಯಮಾವಳಿ ಆನ್‌ಲೈನ್ ಹಾಗೂ ದೂರಶಿಕ್ಷಣದ ಪಿಎಚ್.ಡಿ.ಗೆ ಅವಕಾಶ ಕೊಟ್ಟಿಲ್ಲ. ನೌಕರಿಯಲ್ಲಿರುವವರು ಸಂಸ್ಥೆಯ ಒಪ್ಪಿಗೆ ಪಡೆದು ಅರೆಕಾಲಿಕ ಸಂಶೋಧನೆ ಮಾಡಬಹುದು. ಜಾಹೀರಾತು ನಂಬಿ ದುಡಿದ ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳಬಾರದು.

ಪರದೆ ಪಾಠ ಹೇಳೀತು, ಬರೆದದ್ದನ್ನು ಪಕ್ಕದಲ್ಲಿ ಕೂತು ತಿದ್ದಲಾರದು. ನಮ್ಮ ಸಂಘ-ಸಂಸ್ಥೆಗಳು ಮಾಡಬೇಕಾದ ಕೆಲಸ ಇಲ್ಲಿದೆ. ಎಸ್ಸೆಸ್ಸಿ, ಎಚ್ಚೆಸ್ಸಿ ಮಕ್ಕಳಿಗೆ ನೀಡುವ ಪ್ರತಿಭಾ ಪುರಸ್ಕಾರ ಶ್ಲಾಘನೀಯ. ಅದರೊಡನೆ ವಾರಕ್ಕೆರಡು ಸಂಜೆ ಸಂಘದ ಕಚೇರಿಯ ಬಾಗಿಲು, ಒಂದು ಕಂಪ್ಯೂಟರ್, ಸಮಾಜದ ಒಬ್ಬ ನಿವೃತ್ತ ಪ್ರಾಧ್ಯಾಪಕರ ಮಾರ್ಗದರ್ಶನ ಈ ತರುಣರಿಗೂ ಸಿಗಲಿ. ಅಂದು ರಾತ್ರಿ ಶಾಲೆಗೆ ದೀಪ ಹಚ್ಚಿದ ಸಮಾಜಕ್ಕೆ ಇದು ಹೊರೆಯಾಗದು.