ಹಾಡಿಗೂ ಅಂಕಪಟ್ಟಿಯೆ?

ಕಳೆದ ಸಂಚಿಕೆಯಲ್ಲಿ ಮಿತ್ರರೊಬ್ಬರು ಬರೆದ 'ಈ ವರ್ಷದ ಹತ್ತು ಶ್ರೇಷ್ಠ ಆಲ್ಬಮುಗಳು' ಎಂಬ ಲೇಖನವನ್ನು ವಾಚಕರು ಓದಿಯೇ ಇರಬೇಕು. ಲೇಖಕರು ನನ್ನಂತೆಯೇ ಕನ್ನಡ ಶಾಲೆಯ ಶಿಕ್ಷಕರು. ಸಂಗೀತದಲ್ಲಿ ಅವರಿಗಿರುವ ಆಸಕ್ತಿ ನಿಜವಾದದ್ದು. ಹೊಸ ಹಾಡು ಬಂದಿತೆಂದರೆ ಮೊದಲು ಅವರ ಕಿವಿಗೆ ಬೀಳುತ್ತದೆ. ಅಂಥವರ ಮಾತನ್ನು ಅಲ್ಲಗಳೆಯಲು ಸಂಕೋಚವೇ. ಆದರೆ ಲೇಖನದ ಕೊನೆಯಲ್ಲಿ ಒಂದು ಸೂಚನೆಯಿದೆ: ಪ್ರತಿಯೊಂದು ಶಾಲೆಯೂ ಡಿಸೆಂಬರಿನಲ್ಲಿ ತನ್ನ ಗೋಡೆಪತ್ರಿಕೆಗಾಗಿ ವಿದ್ಯಾರ್ಥಿಗಳಿಂದ ಇಂಥದೊಂದು ಪಟ್ಟಿಯನ್ನು ಬರೆಯಿಸಬೇಕು, ಒಂದರಿಂದ ಹತ್ತರವರೆಗೆ ಕ್ರಮಾಂಕ ಹಾಕಿಸಬೇಕು ಎಂದು. ಬರಿಯ ಪಟ್ಟಿಯಾಗಿದ್ದರೆ ಓದಿ ಸುಮ್ಮನಿರುತ್ತಿದ್ದೆ. ಮಕ್ಕಳನ್ನು ಇದರೊಳಕ್ಕೆ ಎಳೆತಂದುದರಿಂದ ಉತ್ತರಿಸಬೇಕಾಗಿದೆ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. 'ಈ ವರ್ಷ ನನಗೆ ಮೆಚ್ಚಿಕೆಯಾದ ಆಲ್ಬಮುಗಳು' ಎಂದು ಒಬ್ಬ ರಸಿಕನು ಹೇಳಿದರೆ ಅದಕ್ಕೆ ಯಾರ ತಕರಾರೂ ಇರಲಾರದು. ಮೆಚ್ಚಿಕೆಗೆ ಪ್ರಾಮಾಣಿಕತೆಯೊಂದೇ ಸಾಕು. 'ಈ ವರ್ಷದ ಶ್ರೇಷ್ಠ ಆಲ್ಬಮುಗಳು' ಎಂದ ಕೂಡಲೇ ಆತನು ರಸಿಕರ ಜಮಖಾನೆಯಿಂದೆದ್ದು ಪರೀಕ್ಷಕನ ಕುರ್ಚಿಯಲ್ಲಿ ಕುಳಿತಂತಾಯಿತು. ಪರೀಕ್ಷಕನು ಎಲ್ಲ ಉತ್ತರಪತ್ರಿಕೆಗಳನ್ನೂ ಓದಿರಬೇಕೆಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಇನ್ನೂರು ಆಲ್ಬಮುಗಳಿಂದ ಹತ್ತನ್ನು ಆಯ್ದೆನೆಂದು ಮಿತ್ರರು ಬರೆದಿದ್ದಾರೆ. ಲೆಕ್ಕದ ಪಾಠಕ್ಕೆ ಇದು ಒಳ್ಳೆಯ ಪ್ರಶ್ನೆ. ಒಂದೊಂದು ಆಲ್ಬಮ್ 40 ನಿಮಿಷವೆಂದು ಹಿಡಿಯಿರಿ. ತೂಗಿ ನೋಡಬೇಕಾದರೆ ಮೂರು ಸಲವಾದರೂ ಕೇಳಬೇಕು. ಒಟ್ಟು 24,000 ನಿಮಿಷ, ಎಂದರೆ 400 ಗಂಟೆ. ದಿನಕ್ಕೊಂದು ಗಂಟೆಗೂ ಮೇಲಾಯಿತು. ಅದೂ ಹಬ್ಬ, ಜಾತ್ರೆ, ಚುನಾವಣೆಯ ಕೆಲಸ ಯಾವ ದಿನವನ್ನೂ ಬಿಡದೆ. ಅವರು ಅಷ್ಟನ್ನೂ ಕೇಳಿದ್ದರೆ ನಮಸ್ಕಾರ. ಕೇಳದೆ, ಪರರ ಪಟ್ಟಿಗಳನ್ನು ನೋಡಿ ಆಯ್ದಿದ್ದರೆ, ಅದಕ್ಕೆ ಪರೀಕ್ಷಾ ಕೊಠಡಿಯಲ್ಲಿ ಬೇರೆ ಹೆಸರಿದೆ.

ಆಲ್ಬಮ್ ಎಂಬ ಹೆಸರು ಬಂದ ಬಗೆಯನ್ನು ಎಳೆಯ ವಾಚಕರಿಗಾಗಿ ಇಲ್ಲಿ ಹೇಳಬೇಕು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಗ್ರಾಮಫೋನ್ ಕಂಪೆನಿಯ ಪರವಾಗಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. (ಈ ಗಾಯಕಿಯೇ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.) ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಕೆಲವೇ ನಿಮಿಷಗಳ ಹಾಡು. ನೀಳವಾದ ಕೃತಿಯಿದ್ದರೆ ಅದನ್ನು ಹಲವು ತಟ್ಟೆಗಳಲ್ಲಿ ಹಂಚಿ, ಭಾವಚಿತ್ರಗಳನ್ನು ಅಂಟಿಸಿಡುವ ಪುಸ್ತಕದಂಥ ರಟ್ಟಿನ ಹೊತ್ತಗೆಯಲ್ಲಿ ಸೇರಿಸಿ ಮಾರುತ್ತಿದ್ದರು. ಅದೇ ಆಲ್ಬಮ್. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯು ದೀರ್ಘ ತಟ್ಟೆಯನ್ನು ಹೊರತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಸಂಗೀತ ಹಿಡಿಯಿತು. ಆಮೇಲೆ ಧ್ವನಿಸುರುಳಿ, ಸಿ.ಡಿ., ಈಗ ಮೊಬೈಲು. ಹೊತ್ತಗೆ ಹೋಯಿತು, ಹೆಸರು ಉಳಿಯಿತು. ಆ ಹೆಸರಿನಲ್ಲಿ ಒಂದು ಅಪೇಕ್ಷೆಯೂ ಉಳಿದಿದೆ: ಇವು ಒಂದಕ್ಕೊಂದು ಹೊಂದಿ ಬಂದ ಹಾಡುಗಳು, ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ಮತ್ತೆ ಮತ್ತೆ ತೆಗೆದು ಕೇಳಬೇಕು.

ಇಂಥ ಸಂಗೀತಕ್ಕೆ ಅಂಕ ಹಾಕುವ ಪದ್ಧತಿ ಹೊಸದಲ್ಲ. ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ವಾರಪತ್ರಿಕೆಯು 1971ರಲ್ಲೊಮ್ಮೆ, ಅನಂತರ 1974ರಿಂದ ಬಹುಕಾಲ ವರ್ಷವರ್ಷವೂ ವಿಮರ್ಶಕರ ಮತವನ್ನು ಎಣಿಸಿತು. ಒಬ್ಬೊಬ್ಬರ ಕೈಯಲ್ಲಿ 100 ಅಂಕ. ಹತ್ತು ಆಲ್ಬಮುಗಳಿಗೆ ಅದನ್ನು ಹಂಚಬೇಕು. ಯಾವುದಕ್ಕೂ 30ರ ಮೇಲಿಲ್ಲ, 5ರ ಕೆಳಗಿಲ್ಲ. ನಮ್ಮ ಘಟಕ ಪರೀಕ್ಷೆಗಿಂತ ಅಚ್ಚುಕಟ್ಟಾದ ಏರ್ಪಾಡು! ಈಗಲಂತೂ ವಿಮರ್ಶಕರೂ ಬೇಕಾಗಿಲ್ಲ. ನೀವು ಇಷ್ಟು ನಿಮಿಷ ಇಂಥವರನ್ನು ಕೇಳಿದಿರೆಂದು ಮೊಬೈಲೇ ವರ್ಷಾಂತ್ಯಕ್ಕೆ ಲೆಕ್ಕ ಒಪ್ಪಿಸುತ್ತದೆ.

ಈ ಅಂಕಗಳ ಬೆಲೆಯೆಷ್ಟು? 1959ನೆಯ ವರ್ಷವನ್ನು ತೆಗೆದುಕೊಳ್ಳಿ. ಆ ವರ್ಷದ ಆಲ್ಬಮಿಗೆಂದಿದ್ದ ಗ್ರ್ಯಾಮಿ ಪ್ರಶಸ್ತಿಯು ಫ್ರಾಂಕ್ ಸಿನಾಟ್ರಾ ಅವರ 'ಕಮ್ ಡಾನ್ಸ್ ವಿತ್ ಮಿ' ಎಂಬುದಕ್ಕೆ ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಹೊರಬಂದಿತ್ತು. ಸಿನಾಟ್ರಾ ದೊಡ್ಡ ಗಾಯಕರು, ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಐವತ್ತು ವರ್ಷಗಳ ಮೇಲೆ, 2009ರಲ್ಲಿ, ಅಮೆರಿಕದ ಪ್ರತಿನಿಧಿ ಸಭೆಯು ನಿರ್ಣಯ ಮಾಡಿ ಗೌರವಿಸಿದ್ದು ಮೈಲ್ಸ್ ಡೇವಿಸ್ ಅವರ ಆಲ್ಬಮನ್ನು. ಮತ್ತೊಂದು ತಮಾಷೆ ನೋಡಿ. 'ದಿ ಕ್ಲ್ಯಾಶ್' ತಂಡದ 'ಲಂಡನ್ ಕಾಲಿಂಗ್' ಇಂಗ್ಲೆಂಡಿನಲ್ಲಿ ಬಿಡುಗಡೆಯಾದುದು 1979ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ 1980ರ ಜನವರಿಯಲ್ಲಿ. 'ರೋಲಿಂಗ್ ಸ್ಟೋನ್' ಪತ್ರಿಕೆಯು 1989ರಲ್ಲಿ ಅದನ್ನು ಎಂಬತ್ತರ ದಶಕದ ಮೊದಲನೆಯ ಆಲ್ಬಮೆಂದು ಸಾರಿತು. ಸಮುದ್ರದ ಆಚೆ ಎಪ್ಪತ್ತರ ದಶಕದ್ದು, ಈಚೆ ಎಂಬತ್ತರದ್ದು! ಕ್ಯಾಲೆಂಡರಿನ ಹಾಳೆಗೆ ಹಾಡನ್ನು ಕಟ್ಟಿಹಾಕುವವರು ಹಾಳೆ ಯಾವುದೆಂಬುದನ್ನೇ ಗಟ್ಟಿಯಾಗಿ ಹೇಳಲಾರರು.

ನಿಕ್ ಡ್ರೇಕ್ ಎಂಬ ಇಂಗ್ಲಿಷ್ ತರುಣನದು ಇನ್ನೂ ಕರುಣಾಜನಕ. 1969, 1971, 1972ರಲ್ಲಿ ಮೂರು ಆಲ್ಬಮುಗಳು ಬಂದವು. ಕೊಂಡವರು ಕೆಲವೇ ಸಾವಿರ ಜನ. 1974ರಲ್ಲಿ, 26ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಕಾಲು ಶತಮಾನ ಕಳೆದ ಮೇಲೆ ಒಂದು ಮೋಟಾರು ಕಂಪೆನಿಯ ಜಾಹೀರಾತಿನಲ್ಲಿ ಆತನ ಹಾಡೊಂದನ್ನು ಬಳಸಿದರು. ಜನ ಅಂಗಡಿಗೆ ಹೋಗಿ ಅದನ್ನು ಕೇಳಿ ಕೇಳಿ ಕೊಂಡರು. ಹಾಡು ಅದೇ, ದನಿ ಅದೇ. ಕಿವಿಗಳು ತಡವಾಗಿ ಬಂದವು.

ಪರದೇಶದ ಮಾತೇಕೆ ಎನ್ನುವವರಿಗೆ ಗದಗಿನ ಮಾತನ್ನು ಹೇಳುತ್ತೇನೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ತಟ್ಟೆಯೊಂದನ್ನು ಕೇಳಿದರು. ಝಿಂಝೋಟಿ ರಾಗದ ಠುಮರಿ. ಆ ಹಾಡು ಅವರನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಗುರುವನ್ನರಸಿ ಮನೆಬಿಟ್ಟು ಹೊರಟರು. ಉತ್ತರದ ಊರೂರು ಅಲೆದು ಕಡೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ, ಎಂದರೆ ಅದೇ ಕರೀಮ್ ಖಾನರ ಶಿಷ್ಯರ ಬಳಿಗೆ. ಆ ತಟ್ಟೆ ಯಾವ ವರ್ಷದ್ದು, ಆ ವರ್ಷ ಅದಕ್ಕೆ ಎಷ್ಟನೆಯ ಸ್ಥಾನ ಎಂದು ಹುಡುಗ ವಿಚಾರಿಸಿದ್ದನೆ? ಕೆಲವೇ ನಿಮಿಷಗಳ ಒಂದು ಹಾಡು ಒಂದು ಜನ್ಮಕ್ಕಾಗುವಷ್ಟು ಕೆಲಸ ಮಾಡಿತು. ನಮ್ಮ ಮಕ್ಕಳಲ್ಲಿ ಅಂಥ ಕಿವಿಯುಳ್ಳವನೊಬ್ಬನಿದ್ದರೆ, ಹತ್ತು ಹೆಸರು ಬರೆಯೆಂದು ಆತನನ್ನು ಅವಸರಪಡಿಸುವುದು ನಾವು ಮಾಡಬಹುದಾದ ದೊಡ್ಡ ಅಪಕಾರ.

ಇನ್ನು ನನಗೆ ಅತ್ಯಂತ ನೋವು ತಂದ ಅಂಶ. ಮಿತ್ರರ ಪಟ್ಟಿಯಲ್ಲಿ ಒಂಬತ್ತನೆಯದೂ ಹತ್ತನೆಯದೂ ಕನ್ನಡದವು. 'ಗಡಿಯ ಕನ್ನಡಿಗರಾದ ನಾವು ಎರಡು ಸ್ಥಾನಗಳನ್ನಾದರೂ ಕನ್ನಡಕ್ಕೆ ಮೀಸಲಿಡಬೇಕು' ಎಂದು ಅವರೇ ಕಾರಣ ಕೊಟ್ಟಿದ್ದಾರೆ. ಇದು ಕೃಪಾಂಕ. ತೇರ್ಗಡೆಗೆ ಎರಡು ಅಂಕ ಕಡಿಮೆಯಾದ ಹುಡುಗನಿಗೆ ಕೊಡುವುದನ್ನು ಕನ್ನಡದ ಹಾಡಿಗೆ ಕೊಟ್ಟಿದ್ದಾರೆ. ಆ ಎರಡು ಆಲ್ಬಮುಗಳು ಚೆನ್ನಾಗಿದ್ದರೆ ಒಂಬತ್ತಕ್ಕೆ ಏಕೆ ತಳ್ಳಿದರು? ಚೆನ್ನಾಗಿಲ್ಲದಿದ್ದರೆ ಮಕ್ಕಳ ಮುಂದೆ ಏಕೆ ಇಟ್ಟರು? 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿ 'ನಿತ್ಯೋತ್ಸವ' ಧ್ವನಿಸುರುಳಿಯನ್ನು ತಂದಾಗ ಅದು ಯಾರ ಮೀಸಲಾತಿಯಿಂದಲೂ ನಮ್ಮ ಶಾಲೆಗಳಿಗೆ ಬರಲಿಲ್ಲ. ಬಾಯಿಂದ ಬಾಯಿಗೆ ಬಂತು. ಆ ಸುರುಳಿಯನ್ನು ಕಣ್ಣಿಂದ ಕಾಣದ ಮಕ್ಕಳೂ ಅದರ ಹಾಡನ್ನು ಹಾಡುತ್ತಾರೆ. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಾಡಿದ್ದನ್ನು ಈ ಸಿದ್ಧರಾಮನ ಸೀಮೆಯಲ್ಲಿ ಯಾರೂ ಕನ್ನಡಕ್ಕೆ ತೋರಿದ ದಯೆಯೆಂದು ಕೇಳಲಿಲ್ಲ. ಭೀಮಸೇನರ ಸಂತವಾಣಿಯನ್ನೂ ದಾಸವಾಣಿಯನ್ನೂ ಸೊಲ್ಲಾಪುರ, ಅಕ್ಕಲಕೋಟೆಗಳ ಮನೆಗಳಲ್ಲಿ ಒಂದೇ ಬೆಳಗಿನಲ್ಲಿ ಕೇಳುವವರಿದ್ದಾರೆ. ಮರಾಠಿ ಮೇಲೋ ಕನ್ನಡ ಮೇಲೋ ಎಂದು ಅವರು ಅಂಕ ಹಾಕುವುದಿಲ್ಲ.

ಅರಿಯದ ಹಾಡುಗಳು ಪಟ್ಟಿಯಿಂದ ತಿಳಿದುಬರುತ್ತವೆ ಎಂದು ಮಿತ್ರರು ಹೇಳಬಹುದು. ತಿಳಿದುಬರುತ್ತವೆ, ನಿಜ. ಅವರ ಪಟ್ಟಿಯಿಂದ ನನಗೂ ಎರಡು ಹೊಸ ಹೆಸರುಗಳು ದೊರೆತವು. ಅದರಲ್ಲೊಂದು ನಿಜವಾಗಿ ಇಂಪಾಗಿದೆ. ಅದಕ್ಕೆ ನಾಲ್ಕನೆಯದೆಂಬ ಅಂಕೆ ಹಾಕಿದ್ದರಿಂದ ಮಾತ್ರ ನನ್ನ ಕಿವಿಗೆ ಏನೂ ಹೆಚ್ಚಿನದು ಬರಲಿಲ್ಲ.

ನಾನು ನನ್ನ ಏಳನೆಯ ತರಗತಿಯಲ್ಲಿ ಬೇರೆಯೊಂದನ್ನು ಮಾಡಿಸಿದೆ. ವರ್ಷದಲ್ಲಿ ನೀವು ಹೆಚ್ಚಾಗಿ ಹಾಡಿಕೊಂಡ ಹಾಡು ಯಾವುದು, ಅದನ್ನು ಮೊದಲು ಯಾರಿಂದ ಕೇಳಿದಿರಿ, ಅದರಲ್ಲಿ ಯಾವ ಸಾಲಿಗೆ ನಿಲ್ಲುತ್ತೀರಿ ಎಂಬ ಮೂರೇ ಪ್ರಶ್ನೆ. ಕ್ರಮಾಂಕವಿಲ್ಲ. ಒಬ್ಬ ಹುಡುಗ 'ಸೈರಾಟ್' ಚಿತ್ರದ ಹಾಡನ್ನು ಬರೆದ. ಆ ಚಿತ್ರ 2016ರದು, ಅದನ್ನು ನಿರ್ದೇಶಿಸಿದವರು ನಮ್ಮ ಜಿಲ್ಲೆಯವರೇ ಆದ ನಾಗರಾಜ ಮಂಜುಳೆ. ಅಣ್ಣನ ಮದುವೆಯ ಮೆರವಣಿಗೆಯಲ್ಲಿ ಕೇಳಿದೆನೆಂದು ಕಾರಣ. ಒಬ್ಬ ಹುಡುಗಿ ಅಜ್ಜಿ ಹೇಳಿಕೊಟ್ಟ ತತ್ವಪದವನ್ನು ಬರೆದಳು. ಅದು ಯಾವ ತಟ್ಟೆಯಲ್ಲಿಯೂ ಸುರುಳಿಯಲ್ಲಿಯೂ ಇಲ್ಲದ ಧಾಟಿ, ಅವರ ಓಣಿಯ ಭಜನಾಮೇಳದ್ದು. ಕೇಳಿದಾಗ ಎದ್ದು ನಿಂತು ಹಾಡಿಯೂ ತೋರಿಸಿದಳು. ಇವೆರಡೂ ಆ ವರ್ಷದ ಯಾವ ಪಟ್ಟಿಗೂ ಅರ್ಹವಲ್ಲ. ಎರಡನ್ನೂ ಗೋಡೆಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲಿ ಬರೆಯಿಸಿದ್ದೇನೆ.

ಮಿತ್ರರಲ್ಲಿ ಒಂದು ವಿನಂತಿ. ಅವರ ಹತ್ತು ಆಲ್ಬಮುಗಳಲ್ಲಿ ಯಾವುದನ್ನು ಯುಗಾದಿಯ ಹೊತ್ತಿಗೆ ಅವರು ಇನ್ನೂ ಕೇಳುತ್ತಿದ್ದಾರೆ, ಯಾವ ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿಕೊಳ್ಳುತ್ತಿದ್ದಾರೆ ಎಂಬುದನ್ನು ಮುಂದಿನ ಸಂಚಿಕೆಗೆ ಒಂದು ಪುಟದಲ್ಲಿ ಬರೆದುಕೊಡಲಿ. ಅದನ್ನು ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಿಸಲು ಸಿದ್ಧನಿದ್ದೇನೆ.