ಹಿತ್ತಲಿನ ಶೆಡ್ಡನ್ನು ಕೆಡವುವ ಮುನ್ನ

ನಮ್ಮ ಸಂಘದ ಸದಸ್ಯರಲ್ಲಿ ಬೆಂಗಳೂರಿನ ಎನ್.ಆರ್. ಕಾಲೋನಿ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಿರಿಯರ ಕಾಲದ ಮನೆಗಳನ್ನು ಉಳಿಸಿಕೊಂಡು ಬಂದವರು ಕೆಲವರಿದ್ದಾರೆ. ಮಕ್ಕಳ ಓದಿಗೆ ಆಸರೆಯಾಗಲೆಂದು ತೋಟದ ಉತ್ಪತ್ತಿಯಿಂದ ಕೊಂಡ ಮನೆಗಳು ಇವು. ಇಂಥ ಮನೆಗಳ ಹಿತ್ತಲಲ್ಲಿ, ಮನೆಯ ಗೋಡೆಗೆ ತಾಗದಂತೆ, ಹೆಂಚು ಹೊದಿಸಿದ ಮೋಟಾರು ಶೆಡ್ಡೊಂದು ಇರುವುದುಂಟು. ಈಗ ಅದರಲ್ಲಿ ಕಾರು ನಿಲ್ಲುವುದು ಕಡಿಮೆ. ಮುರಿದ ಕುರ್ಚಿ, ಹಳೆಯ ಟ್ರಂಕು, ರದ್ದಿ ಕಾಗದಗಳೇ ಹೆಚ್ಚು. ಇಂಥ ಸದಸ್ಯರು ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಎರಡು. ಶೆಡ್ಡನ್ನು ಕೆಡವಿ ಬಾಡಿಗೆಗೆ ಎರಡು ಕೋಣೆ ಹಾಕಿಸೋಣವೇ? ಇಲ್ಲವೇ ಅದರ ಮೇಲೆ ಸೋಲಾರ್ ಹಾಕಿಸಿ ಸ್ವಂತಕ್ಕೊಂದು ವರ್ಕ್‌ಷಾಪ್ ಮಾಡಿಕೊಳ್ಳೋಣವೇ, ಮಾಡಿಕೊಂಡರೆ ಸಂಘದಿಂದ ಸಾಲ ಸಿಕ್ಕೀತೇ?

ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುವುದು ಮೇಲೆಂದು ತೋರಿತು. ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಶೆಡ್ಡನ್ನು ಕೆಡವಬಾರದು. ಅದನ್ನು ಮೊದಲು ಕೆಲಸದ ಜಾಗವಾಗಿ ಮಾಡಬೇಕು. ಸೋಲಾರ್ ಆಮೇಲಿನ ಮಾತು. ಇದನ್ನು ತಿರುಗುಮುರುಗು ಮಾಡಿದವರಿಗೆ ಫಲಕ ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ.

ಪೇಟೆಯ ಮನೆಯ ಶೆಡ್ಡಿಗೂ ಬೆಳೆಗಾರರ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಬಹಳ ಇದೆ. ಇಂದು ನಮ್ಮ ತೋಟಗಳು ಯಂತ್ರದ ಮೇಲೆ ನಿಂತಿವೆ. ಅಡಿಕೆಗೆ ಕೊಳೆರೋಗದ ಮೊದಲ ಔಷಧಿ ಮಳೆಗಾಲ ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40-45 ದಿನಗಳ ನಂತರ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಮಳೆ ಹೊಳವು ಕೊಟ್ಟ ಎರಡು ದಿನದಲ್ಲೇ ಸಿಂಪರಣೆ ಪಂಪಿನ ವಾಲ್ವು ಕೈಕೊಟ್ಟರೆ ದ್ರಾವಣವಿದ್ದು ಏನು ಫಲ? ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡುವಾಗ ಪಂಪಿನ ಸೀಲು ಹೋದರೆ, ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರ್ ನಿಂತರೆ, ನಷ್ಟ ಬಿಡಿಭಾಗದ ಬೆಲೆಯಿಂದ ಲೆಕ್ಕ ಹಾಕುವಂಥದ್ದಲ್ಲ. ಕೆಲವು ನೂರು ರೂಪಾಯಿಯ ಸೀಲಿಗೆ ಒಂದು ವರ್ಷದ ಫಸಲು ತಲೆಬಾಗುತ್ತದೆ. ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದರೆ ಅವನ ಮುಂದೆ ಇನ್ನೂ ಹತ್ತು ತೋಟದವರು ಕಾದಿರುತ್ತಾರೆ.

ಈ ತೊಂದರೆಗೆ ಪರಿಹಾರ ಹಂಗಾಮಿನಲ್ಲಿ ಸಿಗುವುದಿಲ್ಲ. ಹಂಗಾಮು ಮುಗಿದ ಮೇಲೆ ಸಿಗುತ್ತದೆ. ಸಿಂಪರಣೆ ಪಂಪಿನ ತಲೆ, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಸಣ್ಣ ಮೋಟಾರು ಇವೆಲ್ಲ ಜೀಪಿನ ಹಿಂದೆ ಹಿಡಿಸುವ ವಸ್ತುಗಳು. ಬಿಡಿಭಾಗಕ್ಕೆ ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳು ಎನ್.ಆರ್. ಕಾಲೋನಿಗೆ ದೂರವಲ್ಲ. ರಜೆಯ ದಿನ ಮಗನೋ ಮಗಳೋ ತಂದೆಯ ಜತೆ ನಿಂತು ಒಂದು ಪಂಪು ಬಿಚ್ಚಿ ಜೋಡಿಸಿದರೆ ಆ ವರ್ಷದ ಮಳೆಗಾಲ ಅರ್ಧ ಗೆದ್ದಂತೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರೊಬ್ಬರು ಅಡಿಕೆ ಮರ ಏರುವ ಮೋಟಾರು ಬಂಡಿ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಕೃಷಿಕರೇ ಕಂಡುಹಿಡಿದ ಇಂಥ ಉಪಕರಣಗಳ ವಿವರವನ್ನು ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಪ್ರಕಟಿಸುತ್ತ ಬಂದಿದೆ. ಇವು ದೊಡ್ಡ ಕಾರ್ಖಾನೆಗಳ ನಕ್ಷೆಯಿಂದ ಹೊರಟವಲ್ಲ. ತೋಟದ ಕಷ್ಟ ಬಲ್ಲವರ ಕೈಯಿಂದ ಹೊರಟವು.

ಎನ್.ಆರ್. ಕಾಲೋನಿಗೆ ಈ ವಿಷಯದಲ್ಲಿ ಇನ್ನೊಂದು ಬಾಧ್ಯತೆಯೂ ಇದೆ ಎನ್ನೋಣ. ಕೂಗಳತೆಯಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜಿದೆ. ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳನ್ನು ಕೇಳಿ ಬೆಳೆದ ಮನೆತನಗಳು ಈ ಬೀದಿಗಳಲ್ಲಿವೆ. ಮನೆಗೊಬ್ಬ ಇಂಜಿನಿಯರು ಇರುವ ಬಡಾವಣೆಯಲ್ಲಿ ಹತ್ತು ಮನೆಗೆ ಒಂದು ಬೆಂಚ್ ವೈಸ್ ಇದೆಯೇ? ನಮ್ಮ ಮಕ್ಕಳು ಯಂತ್ರಶಾಸ್ತ್ರದಲ್ಲಿ ಪದವಿ ಪಡೆಯುತ್ತಾರೆ. ತೋಟಕ್ಕೆ ಬಂದಾಗ ಪಂಪಿನ ನಟ್ಟು ಬಿಚ್ಚಲು ಆಳಿನ ಮುಖ ನೋಡುತ್ತಾರೆ. ಇದು ಅವರ ತಪ್ಪಲ್ಲ. ಕೈ ಕೊಳೆ ಮಾಡಿಕೊಳ್ಳಲು ಅವರಿಗೆ ನಾವು ಜಾಗವನ್ನೇ ಕೊಡಲಿಲ್ಲ.

ಇನ್ನು ವಿದ್ಯುತ್ತಿನ ಮಾತು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳ ಯಂತ್ರಕ್ಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಮೊದಲು ದುಡಿಮೆ, ಆಮೇಲೆ ಬೆಳಕು. ಸೂರ್ಯಶಕ್ತಿ ನಮ್ಮ ಮನೆಗಳಿಗೆ ಬಂದದ್ದು ಇದಕ್ಕೆ ವಿರುದ್ಧವಾಗಿ: ಮೊದಲು ಸ್ನಾನದ ಬಿಸಿನೀರು, ಆಮೇಲೆ ದೀಪ, ದುಡಿಮೆ ಕಡೆಗೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯೂ ಹಳ್ಳಿಯ ಮನೆಗಳ ದೀಪದಿಂದಲೇ ತೊಡಗಿ, ಮುಂದೆ ಹೊಲಿಗೆ ಯಂತ್ರ, ರೊಟ್ಟಿ ಯಂತ್ರ, ಕಮ್ಮಾರನ ಕುಲುಮೆಯ ಗಾಳಿಯಂತ್ರಗಳತ್ತ ನಡೆಯಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಕಮ್ಮಾರನಿಗೆ ಆಗಿಬಂದ ಶಕ್ತಿ ನಮ್ಮ ಶೆಡ್ಡಿಗೆ ಆಗದೇ?

ಶೆಡ್ಡು ಮನೆಯಿಂದ ಬೇರೆಯಾಗಿಯೇ ಇರಬೇಕು ಎಂಬುದಕ್ಕೆ ಕಾರಣವಿದೆ. ಗ್ರೈಂಡರಿನ ಕಿಡಿ, ಪೆಟ್ರೋಲಿನ ಆವಿ, ಬ್ಯಾಟರಿ ಈ ಮೂರೂ ಮಲಗುವ ಕೋಣೆಯ ಪಕ್ಕದಲ್ಲಿ ಇರತಕ್ಕವಲ್ಲ. ಸೀಸ-ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಬಿಡುತ್ತದೆ. ಅದಕ್ಕೆ ಕಿಡಿ ಸೋಕಿದರೆ ಸಿಡಿಯುತ್ತದೆ. ಆದ್ದರಿಂದ ಶೆಡ್ಡಿನೊಳಗೂ ಬ್ಯಾಟರಿಗೆ ಗಾಳಿಯಾಡುವ ಬೇರೆ ಗೂಡು ಮಾಡಿ, ಗ್ರೈಂಡರನ್ನು ಎದುರು ಮೂಲೆಯಲ್ಲಿ ಇಡತಕ್ಕದ್ದು. ಪೆಟ್ರೋಲನ್ನು ಶೆಡ್ಡಿನಲ್ಲಿ ಶೇಖರಿಸಲೇಬಾರದು.

ಹೊಸದಾಗಿ ಕಟ್ಟುವವರಿಗೆ 12 ಅಡಿ ಅಗಲ, 18 ಅಡಿ ಉದ್ದ ಸಾಕು. ಒಂದು ಕಾರಿನ ಜಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಗೋಡೆಗೆ ಶೇಕಡಾ 5ರಿಂದ 8 ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಚೆನ್ನಾಗಿ ಆಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ಇದನ್ನು ರೂಢಿಗೆ ತಂದಿತು. ಛಾವಣಿಯನ್ನು ದಕ್ಷಿಣಕ್ಕೆ ಒಂದೇ ಇಳುಕಲಾಗಿ, ಸುಮಾರು 15 ಡಿಗ್ರಿ ಓರೆಯಾಗಿ ಇಳಿಸಿದರೆ ಬೆಂಗಳೂರಿನ 13 ಡಿಗ್ರಿ ಅಕ್ಷಾಂಶಕ್ಕೆ ಫಲಕ ಸರಿಯಾಗಿ ಕೂರುತ್ತದೆ. ಕಿಟಕಿ ಉತ್ತರಕ್ಕಿರಲಿ, ಕೆಲಸದ ಮೇಜು ಅದರ ಕೆಳಗಿರಲಿ. ಉತ್ತರದ ಬೆಳಕು ಕಣ್ಣು ಕುಕ್ಕುವುದಿಲ್ಲ. ವೈಸಿನ ಬಾಯಿ ಮೊಣಕೈ ಎತ್ತರಕ್ಕೆ ಬರಬೇಕು. ಕೆಳಗಿದ್ದರೆ ಬೆನ್ನು ನೋಯುತ್ತದೆ. ಹಳೆಯ ಹೆಂಚಿನ ಶೆಡ್ಡು ಇರುವವರು ಹೆಂಚಿನ ಮೇಲೆ ಫಲಕ ಹೊರಿಸಬಾರದು. ರೀಪು, ಪಕಾಸಿಗಳಿಗೆ ಗೆದ್ದಲು ಹಿಡಿದಿದೆಯೋ ಎಂದು ಮೊದಲು ನೋಡಿ, ಫಲಕಕ್ಕೆ ನೆಲದಿಂದಲೇ ಕಬ್ಬಿಣದ ಕಂಬ ನಿಲ್ಲಿಸುವುದು ಒಳ್ಳೆಯದು. ಫಲಕದ ಭಾರಕ್ಕಿಂತ ಗಾಳಿ ಅದನ್ನು ಎತ್ತುವ ಬಲ ಹೆಚ್ಚು ಅಪಾಯದ್ದು. ಇಷ್ಟಕ್ಕೂ ಮುಂಚೆ ಪಾಲಿಕೆಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು. ಗಡಿಗೋಡೆಯ ತಂಟೆ ಒಮ್ಮೆ ಹತ್ತಿದರೆ ಎರಡು ತಲೆಮಾರು ನಡೆಯುತ್ತದೆ.

ಎಷ್ಟು ವಿದ್ಯುತ್ತು ಬೇಕು? ಲೆಕ್ಕ ಹಾಕಿ ನೋಡೋಣ. ಕೈ ಗ್ರೈಂಡರು 700 ವಾಟ್, ಅರ್ಧ ಗಂಟೆ. ಡ್ರಿಲ್ಲು 500 ವಾಟ್, ಅರ್ಧ ಗಂಟೆ. ಅರ್ಧ ಅಶ್ವಶಕ್ತಿಯ ಬೆಂಚ್ ಗ್ರೈಂಡರು ಒಂದು ಗಂಟೆ. 1 ಅಶ್ವಶಕ್ತಿಯ ಕಂಪ್ರೆಸರು ಅರ್ಧ ಗಂಟೆ. 20 ವಾಟಿನ ನಾಲ್ಕು ಎಲ್‌ಇಡಿ ದೀಪ, ಒಂದು ಫ್ಯಾನು ಐದು ಗಂಟೆ. ಎಲ್ಲ ಕೂಡಿದರೆ 2 ಯೂನಿಟ್ಟಿಗಿಂತ ತುಸು ಹೆಚ್ಚು. ಬಿಸಿಲಿದ್ದ ದಿನ 1 ಕಿಲೋವಾಟ್ ಫಲಕ ಸುಮಾರು 4 ಯೂನಿಟ್ ಕೊಡುತ್ತದೆ. 1 ಕಿಲೋವಾಟಿಗೆ ಬೇಕಾದ ಜಾಗ ಹೆಚ್ಚೆಂದರೆ 100 ಚದರಡಿ. ಅಂದರೆ ನಾವು ಹೇಳಿದ ಅಳತೆಯ ಛಾವಣಿಯಲ್ಲಿ 2 ಕಿಲೋವಾಟ್ ಹಿಡಿಸುತ್ತದೆ. ಶೆಡ್ಡಿನ ಕೆಲಸಕ್ಕೆ ಸಾಕಾಗಿ ಮನೆಗೂ ಮಿಗುತ್ತದೆ.

ತೊಡಕಿರುವುದು ಯೂನಿಟ್ಟಿನಲ್ಲಲ್ಲ, ಮೋಟಾರು ಎಬ್ಬಿಸುವ ಗಳಿಗೆಯಲ್ಲಿ. 1 ಅಶ್ವಶಕ್ತಿಯ ಇಂಡಕ್ಷನ್ ಮೋಟಾರು ಹೊರಡುವಾಗ ಓಡುವ ಕಾಲದ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ಇನ್ವರ್ಟರು ಆ ಕ್ಷಣದಲ್ಲಿ ಕೈಚೆಲ್ಲುತ್ತದೆ. ವೆಲ್ಡಿಂಗ್ ಸೆಟ್ಟು ಇನ್ನೂ ಹಸಿದದ್ದು; ಅದನ್ನು ಬ್ಯಾಟರಿಯಿಂದ ನಡೆಸುವ ಆಸೆ ಬೇಡ, ಕಂಪನಿಯ ಲೈನಿನಲ್ಲೇ ನಡೆಸಲಿ. ಮಾರುವವರು ಫಲಕದ ಗುಣಗಾನ ಮಾಡುವಾಗ ಸದಸ್ಯರು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕಂಪ್ರೆಸರನ್ನು ನನ್ನೆದುರಿಗೆ ಎಬ್ಬಿಸಿ ತೋರಿಸುತ್ತೀರಾ?

ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು. ಕಂಪನಿಯ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೋಲಾರ್ ಘಟಕ, ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ, ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಸರಿ. ಕಂಬದ ಮೇಲಿನ ಲೈನ್‌ಮ್ಯಾನಿನ ಜೀವ ಕಾಯಲು ಮಾಡಿದ ಏರ್ಪಾಡು ಅದು. ಲೈನಿಲ್ಲದಾಗಲೂ ಕೆಲಸ ನಡೆಯಬೇಕೆಂದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರೇ ಬೇಕು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಸೀಸದ್ದಾದರೆ ಅರ್ಧ ಮಾತ್ರ ಬಳಸಿದರೆ ಬಾಳಿಕೆ ಬರುತ್ತದೆ. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಬೆಂಗಳೂರಿನ ಶೆಡ್ಡಿಗೆ ಬ್ಯಾಟರಿ ಅವಶ್ಯವಿಲ್ಲವೆಂದೇ ನಮ್ಮ ಸಲಹೆ. ಹಗಲು ಕೆಲಸ ಮಾಡಿ, ಲೈನು ಹೋದರೆ ಕೈಗರಗಸ, ಅರ ಹಿಡಿಯಲಿ.

ಎನ್.ಆರ್. ಕಾಲೋನಿಯ ದೊಡ್ಡ ಶತ್ರು ಮೋಡವಲ್ಲ, ನೆರಳು. ಪಕ್ಕದಲ್ಲಿ ನಾಲ್ಕು ಅಂತಸ್ತು ಎದ್ದಿದ್ದರೆ, ತೆಂಗಿನ ಗರಿ ಆಡುತ್ತಿದ್ದರೆ, ಒಂದು ಫಲಕದ ಮೇಲೆ ಬಿದ್ದ ನೆರಳು ಸಾಲಿನ ಉಳಿದ ಫಲಕಗಳ ಉತ್ಪತ್ತಿಯನ್ನೂ ತಗ್ಗಿಸುತ್ತದೆ. ಡಿಸೆಂಬರಿನಲ್ಲಿ ಬಿಸಿಲು ದಕ್ಷಿಣಕ್ಕೆ ವಾಲಿದಾಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಛಾವಣಿಯ ಮೇಲೆ ಎಲ್ಲಿ ನೆರಳು ಬೀಳುತ್ತದೆಂದು ಸುಣ್ಣದಿಂದ ಗುರುತು ಹಾಕಿ ನೋಡಿ. ಶೆಡ್ಡು ನೆರಳಿನಲ್ಲಿದ್ದರೆ ಫಲಕವನ್ನು ಮನೆಯ ತಾರಸಿಗೆ ಹಾಕಿ, ಪೈಪಿನೊಳಗೆ ಹೂಳಿದ ಕೇಬಲ್ಲಿನಲ್ಲಿ ಶೆಡ್ಡಿಗೆ ತರಬಹುದು. ನೆರಳಿಗಾಗಿ ಮರ ಕಡಿಯಬೇಡಿ. ತೋಟದವರಾದ ನಾವು ಅದನ್ನು ಹೇಳಬೇಕಾಗಿಯೂ ಇಲ್ಲ.

ಹಣದ ಲೆಕ್ಕದಲ್ಲಿ ಮುಚ್ಚುಮರೆ ಬೇಡ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ 200 ಯೂನಿಟ್ ಮಿತಿಯೊಳಗೆ ಬಿಲ್ಲು ಶೂನ್ಯ. ಅಂಥ ಮನೆಯವರು ಉಳಿತಾಯದ ಆಸೆಗೆ ಸೋಲಾರ್ ಹಾಕಿಸಿದರೆ ಉಳಿಯುವುದು ಏನೂ ಇಲ್ಲ. ಮಿತಿ ದಾಟುವ ದೊಡ್ಡ ಮನೆಗಳಿಗೆ, ವಿದ್ಯುತ್ ಸ್ಕೂಟರು ಚಾರ್ಜು ಮಾಡುವವರಿಗೆ ಲೆಕ್ಕ ಬೇರೆ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಜಾಲಕ್ಕೆ ಜೋಡಿಸಿದ ಮನೆಯ ಘಟಕಕ್ಕೆ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಗಿದೆ, ಬ್ಯಾಟರಿಗೆ ಇಲ್ಲ. ಮನೆಯ ಮೀಟರಿನಲ್ಲಿ ಬೇರೆಯವರ ಕೆಲಸವನ್ನು ಕೂಲಿಗೆ ಮಾಡಿಕೊಡುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ನೆರೆಯವರ ನಿದ್ದೆಯ ಹೊತ್ತಿಗೆ ಗ್ರೈಂಡರು ಹಚ್ಚದಿರುವುದು ಕಾನೂನಿಗಿಂತ ಮೇಲಾದ ಸೌಜನ್ಯ.

ಬಾಡಿಗೆ ತಿಂಗಳಿಗೊಮ್ಮೆ ಕೈಗೆ ಬರುತ್ತದೆ, ಶೆಡ್ಡು ಏನು ಕೊಡುತ್ತದೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು. ತಿಂಗಳ ಲೆಕ್ಕದಲ್ಲಿ ಶೆಡ್ಡು ಸೋಲುತ್ತದೆ, ಒಪ್ಪಿದೆವು. ಆದರೆ ಬಾಡಿಗೆಯ ಹಣ ಮಗನಿಗೆ ಪಂಪು ಬಿಚ್ಚುವುದನ್ನು ಕಲಿಸುವುದಿಲ್ಲ. ತೋಟವನ್ನು ಕೈಯಾರೆ ಮುಟ್ಟದ ತಲೆಮಾರು ತೋಟವನ್ನು ಇಟ್ಟುಕೊಳ್ಳುವುದೂ ಇಲ್ಲ. ಅಪ್ಪ ಹೋದ ವರ್ಷವೇ ಮಾರಾಟದ ಮಾತು ಬರುತ್ತದೆ. ಇಂಥ ಮಾರಾಟಗಳನ್ನು ಸಂಘದ ಸದಸ್ಯತ್ವದ ಪುಸ್ತಕದಲ್ಲಿ ನಾವು ನೋಡುತ್ತಲೇ ಇದ್ದೇವೆ.

ಕೊನೆಗೆ ಸಾಲದ ಪ್ರಶ್ನೆ. ಪೇಟೆಯ ಶೆಡ್ಡಿಗೆ ಸಂಘದ ಸಾಲ ಕೊಡಬಾರದು. ಸಂಘದ ಹಣ ಊರಿನ ಸಣ್ಣ ಹಿಡುವಳಿದಾರನದೂ ಹೌದು; ಬೆಂಗಳೂರಿನಲ್ಲಿ ಮನೆ ಇಲ್ಲದ ಸದಸ್ಯನ ಠೇವಣಿಯಿಂದ ಬೆಂಗಳೂರಿನ ಶೆಡ್ಡು ಕಟ್ಟುವುದು ಸಹಕಾರವಲ್ಲ. ಬದಲಿಗೆ ಮಹಾಸಭೆಯ ಮುಂದೆ ಎರಡು ಸೂಚನೆ ಇಡುತ್ತೇವೆ. ಒಂದು, ಬೆಂಚ್ ವೈಸ್, ಸ್ಪ್ಯಾನರ್ ಸೆಟ್, ಬೇರಿಂಗ್ ಕೀಳುವ ಪುಲ್ಲರ್ ಮೊದಲಾದ ಕೈಹತ್ಯಾರುಗಳನ್ನು ಸಂಘವೇ ಸಗಟಾಗಿ ತರಿಸಿ ಎಲ್ಲ ಸದಸ್ಯರಿಗೂ ಅಸಲು ಬೆಲೆಗೆ ಕೊಡುವುದು. ಎರಡು, ಸಂಘದ ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ನಾವು ಮೇಲೆ ಹೇಳಿದ ಅಳತೆಯದೇ ಒಂದು ಸೋಲಾರ್ ಕಾರ್ಯಾಗಾರ ಕಟ್ಟಿ, ಬೇಸಿಗೆ ರಜೆಯಲ್ಲಿ ಸದಸ್ಯರ ಮಕ್ಕಳಿಗೆ ಪಂಪು, ಸ್ಪ್ರೇಯರುಗಳ ರಿಪೇರಿ ಕಲಿಸುವುದು. ಮಲೆನಾಡಿನ ಮಳೆಯಲ್ಲಿ ದಿನಗಟ್ಟಲೆ ಲೈನು ಹೋಗುವುದರಿಂದ ಅಲ್ಲಿಗೆ ಬ್ಯಾಟರಿ ಬೇಕು. ಬಿಸಿಲಿಲ್ಲದ ಆ ದಿನಗಳಿಗೆ ಸಂಘದ ಹಳೆಯ ಜನರೇಟರೂ ಪಕ್ಕದಲ್ಲಿ ಇರಲಿ.

ಬೆಂಗಳೂರಿನಲ್ಲಿ ಶೆಡ್ಡಿರುವವರು ಅದನ್ನು ಉಳಿಸಿಕೊಳ್ಳಲಿ, ಇಲ್ಲದವರಿಗೆ ಸಂಘದ ಶೆಡ್ಡು ಇರಲಿ. ಈ ಎರಡು ಸೂಚನೆಗಳನ್ನು ಒಪ್ಪುವವರೂ ಒಪ್ಪದವರೂ ಮಹಾಸಭೆಗೆ ಬಂದು ಮಾತನಾಡಬೇಕೆಂದು ಕೋರುತ್ತೇವೆ.