ಅಧ್ಯಾಪಕನ ಮಗಳು ಓದುವ ಶಾಲೆ

ಕಳೆದ ವಾರ ದ್ವಿತೀಯ ಬಿ.ಎ. ತರಗತಿಯಲ್ಲಿ ನವೋದಯದ ಹಿನ್ನೆಲೆಯನ್ನು ವಿವರಿಸುತ್ತಿದ್ದೆ. ಮಲೆನಾಡಿನ ತರುಣನೊಬ್ಬ ೧೯೨೪ರಲ್ಲಿ ತನ್ನ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಿದ್ದು, ಅವರು ತಾಯ್ನುಡಿಯಲ್ಲಿ ಬರೆಯೆಂದು ಹೇಳಿ ಕಳುಹಿಸಿದ್ದು, ಆ ತರುಣನೇ ಮುಂದೆ ಕುವೆಂಪು ಆದದ್ದು—ಇದು ಪ್ರತಿವರ್ಷವೂ ನಾನು ತುಸು ಭಾವಾವೇಶದಿಂದಲೇ ಹೇಳುವ ಪ್ರಸಂಗ. ಅಲ್ಲಿಂದ ಮಾತು ಬೋಧನಮಾಧ್ಯಮದ ಕಡೆಗೆ ಹೊರಳಿತು. ಪ್ರಾಥಮಿಕ ಶಿಕ್ಷಣವು ತಾಯ್ನುಡಿಯಲ್ಲಿಯೇ ನಡೆಯತಕ್ಕದ್ದೆಂದು ನಾನು ಪ್ರತಿಪಾದಿಸುತ್ತಿರುವಾಗ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಅತ್ಯಂತ ವಿನಯದಿಂದ, “ನಿಮ್ಮ ಮಗಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಸರ್?” ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಬಾರಿಸಿತು. ಕಾಲೇಜಿನ ಗಂಟೆಗೆ ನಾನು ಅಷ್ಟು ಕೃತಜ್ಞನಾದದ್ದು ಹಿಂದೆಂದೂ ಇಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ನನ್ನ ಮಗಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಅವಳನ್ನು ಅಲ್ಲಿಗೆ ಸೇರಿಸಿದ್ದು ಯಾವ ವಿಚಾರದ ಬಲದಿಂದಲೂ ಅಲ್ಲ, ಅಂಜಿಕೆಯಿಂದ. ಹತ್ತನೆಯ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಕನ್ನಡದಲ್ಲಿಯೇ ಕಲಿತ ನಾನು ಪಿ.ಯು.ಸಿ.ಗೆಂದು ಪಟ್ಟಣಕ್ಕೆ ಬಂದಾಗ, ಅರ್ಥಶಾಸ್ತ್ರದ ಅಧ್ಯಾಪಕರು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದೊಂದೂ ತಿಳಿಯದೆ ಆರು ತಿಂಗಳು ಮೂಕನಂತೆ ಕುಳಿತಿದ್ದೆ. ಆ ಅವಮಾನ ಒಳಗೇ ಉಳಿದಿತ್ತು. ಮಗಳಿಗೆ ಐದು ವರ್ಷ ತುಂಬಿದಾಗ ತೀರ್ಮಾನ ಮಾಡಿದವನು ಕನ್ನಡದ ಎಂ.ಎ. ಪದವೀಧರನಲ್ಲ, ಆ ಹದಿನಾರರ ಹುಡುಗ.

ಇದನ್ನು ಮುಚ್ಚಿಟ್ಟುಕೊಂಡು ಮಾಧ್ಯಮದ ಪ್ರಶ್ನೆಯನ್ನು ಚರ್ಚಿಸುವುದು ಅಪ್ರಾಮಾಣಿಕವೆಂದು ಈಗ ತೋರುತ್ತದೆ. ನಮ್ಮ ನಾಡಿನಲ್ಲಿ ಈ ವಾದಕ್ಕೆ ದೀರ್ಘ ಚರಿತ್ರೆಯುಂಟು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ನಿಷ್ಕರ್ಷಿಸಿದ ಗೋಕಾಕ್ ಸಮಿತಿಯ ವರದಿ ೧೯೮೧ರಲ್ಲಿ ಬಂದಿತು. ಮರುವರ್ಷ ಅದರ ಜಾರಿಗಾಗಿ ನಾಡೇ ಬೀದಿಗಿಳಿಯಿತು. ೧೯೯೪ರ ಸರ್ಕಾರಿ ಆದೇಶವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ವಿಧಿಸಿತು. ಖಾಸಗಿ ಶಾಲೆಗಳು ನ್ಯಾಯಾಲಯದ ಮೆಟ್ಟಿಲೇರಿದುವು. ೨೦೦೮ರಲ್ಲಿ ಉಚ್ಚ ನ್ಯಾಯಾಲಯವೂ ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಅವುಗಳ ಪರವಾಗಿ ತೀರ್ಪಿತ್ತುವು. ಮಗುವಿನ ತಾಯ್ನುಡಿ ಯಾವುದೆಂಬುದನ್ನು ಸಹ ತಂದೆತಾಯಿಗಳೇ ಹೇಳತಕ್ಕದ್ದೆಂದಾಯಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೂ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಲೆಂದು ಆಶಿಸಿ, ಜೊತೆಗೆ ‘ಸಾಧ್ಯವಾದಲ್ಲೆಲ್ಲ’ ಎಂಬ ಪದವನ್ನು ಸೇರಿಸಿದೆ. ಅಧ್ಯಾಪಕವೃತ್ತಿಯವರಿಗೆ ಆ ಪದದ ಅರ್ಥ ಚೆನ್ನಾಗಿ ಗೊತ್ತು.

ಹೀಗಾಗಿ ಹಣವುಳ್ಳವರಿಗೆ ಆಯ್ಕೆ ಉಳಿಯಿತು. ಸಿದ್ಧಾಂತವು ಸರ್ಕಾರಿ ಶಾಲೆಯ ಮಕ್ಕಳ ಪಾಲಿಗೆ ಬಂದಿತು. ೨೦೧೯ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದಾಗ ನಮ್ಮ ಸಾಹಿತಿಗಳು ಅನೇಕರು ಪ್ರತಿಭಟಿಸಿದರು. ನಾನೂ ಒಂದು ಮನವಿಗೆ ಸಹಿ ಹಾಕಿದೆ. ಸಹಿ ಹಾಕಿದ ದಿನ ಸಂಜೆ ನಾಲ್ಕಕ್ಕೆ ಮಗಳ ಶಾಲೆಯ ವಾಹನಕ್ಕೆ ಕಾದು ನಿಂತಿದ್ದೆ! ಸಂಸ್ಕೃತದ ಬಾಗಿಲನ್ನು ಒಮ್ಮೆ ಮುಚ್ಚಿದವರು ಈಗ ಇಂಗ್ಲಿಷಿನ ಬಾಗಿಲಲ್ಲಿಯೂ ನಿಂತಿದ್ದಾರಲ್ಲ ಎಂದು ದಲಿತ ಚಿಂತಕರು ಕೇಳಿದರೆ, ಅದನ್ನು ಭಾಷಾದ್ರೋಹವೆಂದು ಕರೆಯುವ ಅಧಿಕಾರ ನನ್ನಂಥವನಿಗಿಲ್ಲ.

ಆದರೂ ತಾಯ್ನುಡಿಯ ವಾದ ಸುಳ್ಳಾಗುವುದಿಲ್ಲ. ಪ್ರತಿಪಾದಕನು ದುರ್ಬಲನೆಂದ ಮಾತ್ರಕ್ಕೆ ತತ್ತ್ವ ದುರ್ಬಲವಾಗಬೇಕಾಗಿಲ್ಲ. ಭಾಷೆಯನ್ನು ಕಲಿಯುವುದು ಬೇರೆ, ಭಾಷೆಯ ಮೂಲಕ ಕಲಿಯುವುದು ಬೇರೆ. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಪಾಠವಿಷಯವಾಗಿದೆ. ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಅನಂತಮೂರ್ತಿ—ನಮ್ಮ ಸಾಹಿತ್ಯವನ್ನು ತಿದ್ದಿದ ಇವರೆಲ್ಲರೂ ಇಂಗ್ಲಿಷಿನ ಅಧ್ಯಾಪಕರು. ಒಂದು ಭಾಷೆ ಬಂದರೆ ಇನ್ನೊಂದು ಹೋಗಬೇಕೆಂಬ ನಿಯಮ ಅವರಿಗೆ ಅನ್ವಯಿಸಲಿಲ್ಲ.

ಹಾಗಾದರೆ ತಂದೆತಾಯಿಗಳು ಓಡುತ್ತಿರುವುದು ಕನ್ನಡದಿಂದಲೆ? ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿರುವ ನನ್ನ ಮಿತ್ರನ ಅಭಿಪ್ರಾಯ ಬೇರೆ. ಅವನ ಶಾಲೆಯಲ್ಲಿ ಐದು ತರಗತಿಗಳಿಗೆ ಇರುವವರು ಇಬ್ಬರು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಬೇರೆ. “ಅವರು ಓಡುವುದು ಕನ್ನಡದಿಂದಲ್ಲ ಮಾರಾಯ, ಖಾಲಿ ಕುರ್ಚಿಯಿಂದ” ಎನ್ನುತ್ತಾನೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿಯನ್ನು ಅವನು ಅಭಿಮಾನದಿಂದ ವಿವರಿಸುತ್ತಾನೆ: ಮಕ್ಕಳು ಗುಂಪಾಗಿ ಕುಳಿತು, ಕಾರ್ಡುಗಳ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುವ ಕ್ರಮ. ಪಟ್ಟಣದ ನಮ್ಮ ಶಾಲೆಗಳಲ್ಲಿ ಅಂಥದೊಂದು ಬಂದಿದ್ದರೆ ಶುಲ್ಕ ಇಮ್ಮಡಿಯಾಗುತ್ತಿತ್ತು. ಆದರೆ ಅವನ ಮಕ್ಕಳೂ ಬೆಳಗ್ಗೆ ಎಂಟಕ್ಕೆ ಹಳದಿ ಬಸ್ಸು ಹತ್ತುತ್ತಾರೆ. ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿಯೇ ಓದಬೇಕೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ ೨೦೧೫ರಲ್ಲಿ ಹೇಳಿದ್ದುಂಟು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ಎಲ್ಲಕ್ಕೂ ಮೊದಲು ಆ ಖಾಲಿ ಕುರ್ಚಿಗಳು ತುಂಬುತ್ತಿದ್ದುವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ನಮ್ಮವರದೂ ಒಂದು ಅಪರಾಧವಿದೆ. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ತೆರೆದು ನೋಡಿ: ದ್ಯುತಿಸಂಶ್ಲೇಷಣೆ, ಬಾಷ್ಪವಿಸರ್ಜನೆ. ಇದು ಯಾವ ತಾಯಿಯ ನುಡಿ? ೧೯೩೬ರಷ್ಟು ಹಿಂದೆಯೇ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಕೊಟ್ಟರು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದರೆ ಅದಕ್ಕೆ ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಆ ಜಾಡನ್ನು ಹಿಡಿಯದೆ ನಾವು ಪಾರಿಭಾಷಿಕ ಪದಗಳನ್ನು ಅರೆದು ಕುಡಿಸಿದೆವು.

ನನ್ನ ಮಗಳು ಕಳೆದುಕೊಂಡದ್ದೇನೆಂಬುದು ಈ ಬೇಸಿಗೆಯಲ್ಲಿ ತಿಳಿಯಿತು. ತೀರಿಕೊಂಡ ಅಜ್ಜಿಯ ಕೈಯ ಮಾವಿನಕಾಯಿ ಗೊಜ್ಜು ಮಾಡಬೇಕೆಂದು ಅವಳಿಗೆ ಆಸೆಯಾಯಿತು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನನ್ನ ತಾಯಿ ಅಡಿಗೆಯ ವಿವರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಗಳು ಅದನ್ನು ನನ್ನ ಬಳಿಗೆ ತಂದು, ಒತ್ತಕ್ಷರಗಳ ಮೇಲೆ ಬೆರಳಿಟ್ಟುಕೊಂಡು ತಡವರಿಸಿ, ಕೊನೆಗೆ, “ಅಪ್ಪಾ, ನೀನೇ ಓದಿಬಿಡು, ಇದು ಮೂರೋ ಆರೋ ಗೊತ್ತಾಗುವುದಿಲ್ಲ” ಎಂದಳು. ಈಗ ಪ್ರತಿರಾತ್ರಿ ಆ ಪುಸ್ತಕದ ಅರ್ಧ ಪುಟವನ್ನು ಇಬ್ಬರೂ ಓದುತ್ತೇವೆ. ಉಪ್ಪಿನಕಾಯಿಯ ಭಾಗಕ್ಕೆ ಬಂದಿದ್ದೇವೆ.

ಸೋಮವಾರ ತರಗತಿಗೆ ಹೋದವನೇ, ಹಾಜರಿ ಕರೆಯುವ ಮೊದಲು, ಆ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟೆ. ಯಾರೂ ನಗಲಿಲ್ಲ. ಅವನು ಮಾತ್ರ ಮತ್ತೆ ಎದ್ದ. ತಮ್ಮನನ್ನು ಪಟ್ಟಣದ ಶಾಲೆಗೆ ಸೇರಿಸಲು ಈ ಸಲ ಮನೆಯಲ್ಲಿ ಎರಡು ಕುರಿ ಮಾರಿದರಂತೆ. “ಹಾಗಾದರೆ ನಮ್ಮಪ್ಪ ಮಾಡಿದ್ದು ತಪ್ಪಲ್ಲ, ಅಲ್ಲವೆ ಸರ್?” ಎಂದು ಕೇಳಿದ. ತಪ್ಪಲ್ಲವೆಂದೆ; ಆದರೆ ಊರಿನ ಶಾಲೆಯಲ್ಲಿ ಎಷ್ಟು ಮಂದಿ ಉಪಾಧ್ಯಾಯರಿದ್ದಾರೆಂದು ವಿಚಾರಿಸಿಕೊಂಡು ಬಾ ಎಂದು ಹೇಳಿದೆ.